ಚಿಕಿತ್ಸೆಯ ಹೊತ್ತಿನಲ್ಲಿ ಕುದುರೆಯನ್ನು ಹಿಡಿದು ನಿಲ್ಲಿಸುವುದು ಹೇಗೆ? ನರಕ್ಕೆ ಪೆಟ್ಟಾಗದ ಆಯ್ಕೆಗಾಗಿ ಒಂದು ಹೋಲಿಕೆ

ಗಾಯಕ್ಕೆ ಹೊಲಿಗೆ ಬೀಳಬೇಕು, ಇಲ್ಲವೇ ಹಲ್ಲಿನ ಚೂಪು ಅಂಚುಗಳಿಗೆ ಅರ ಹಾಕಬೇಕು, ಕುದುರೆ ನಿಲ್ಲುತ್ತಿಲ್ಲ. ಮೇಲ್ತುಟಿ ಬಿಗಿಯುವ ಟ್ವಿಚ್ ಹಾಕುವುದೋ, ಮಂಪರಿನ ಸೂಜಿ ಕೊಡಿಸುವುದೋ, ಟ್ರೆವಿಸ್ ಎಂಬ ಕಂಬಿಗಳ ಚೌಕಟ್ಟಿನೊಳಗೆ ನಿಲ್ಲಿಸುವುದೋ, ಕಾಲು ಕಟ್ಟುವುದೋ, ಕೆಡಹಿ ಮಲಗಿಸುವುದೋ? ಕುದುರೆ ಸಾಕುವವರು ಗೊಂದಲಕ್ಕೆ ಬೀಳುವುದು ಇಲ್ಲೇ. ಆ ಹೊತ್ತಿನಲ್ಲಿ ಬಹುತೇಕ ಎಲ್ಲರೂ ಕೇಳುವುದು, ‘ಯಾವುದು ಹಾಕಿದರೆ ಕುದುರೆ ಅಲ್ಲಾಡುವುದಿಲ್ಲ?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಕುದುರೆ ಕೊಸರಾಡಿದರೆ ಅಥವಾ ಕುಸಿದರೆ ಭಾರವೆಲ್ಲ ಮೈಯ ಯಾವ ಜಾಗದ ಮೇಲೆ ಬೀಳುತ್ತದೆ, ಅಲ್ಲಿ ಯಾವ ನರ ಹಾದುಹೋಗಿದೆ, ಎಷ್ಟು ಬೇಗ ಬಿಡಿಸಬಹುದು?

ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿ ಇದು. ಅದರ ಕೆಲವು ಮುಖ್ಯ ನರಗಳು ಮೂಳೆಗೆ ಅಂಟಿದಂತೆ, ಚರ್ಮದ ಕೆಳಗೇ ಹರಿಯುತ್ತವೆ. ಕೆನ್ನೆಯ ಮೇಲೆ, ದವಡೆ ಸ್ನಾಯುವಿಗೆ ಅಡ್ಡವಾಗಿ ಮುಖನರದ ಕವಲುಗಳು ಹೋಗುತ್ತವೆ. ಅವುಗಳಿಗೆ ಮರೆ ಎಂದರೆ ತೆಳು ಚರ್ಮ ಮಾತ್ರ. ಮುಂಗಾಲಿನ ರೇಡಿಯಲ್ ನರ ತೋಳಿನ ಮೂಳೆಯನ್ನು ಸುತ್ತಿಕೊಂಡು ಹೊರಮಗ್ಗುಲಿಗೆ ಬರುತ್ತದೆ. ಹೆಗಲ ಮೂಳೆಯ ಮುಂದಿನ ಅಂಚನ್ನು ಬಳಸಿ ಹೋಗುವ ಸುಪ್ರಾಸ್ಕಾಪುಲರ್ ನರ, ಹಿಂಗಾಲ ಮಂಡಿಯ ಹೊರಬದಿಯಲ್ಲಿ ಇಳಿಯುವ ಪೆರೋನಿಯಲ್ ನರ, ಇವೆರಡರ ಪಾಡೂ ಅದೇ. ಹೊರಗಿನಿಂದ ಏನಾದರೂ ಒತ್ತಿದರೆ ನರ ಜಾರಿಕೊಳ್ಳಲು ಜಾಗವಿಲ್ಲ. ಹಿಂದೆ ಮೂಳೆ, ಮುಂದೆ ಒತ್ತಡ.

ಪೆಟ್ಟಿನಲ್ಲೂ ಮೂರು ಹಂತಗಳಿವೆ. ಒತ್ತಡದಿಂದ ನರ ಕೆಲಕಾಲ ಸಂದೇಶ ಸಾಗಿಸುವುದನ್ನು ನಿಲ್ಲಿಸಿದರೆ ಅದು ದಿನಗಳಲ್ಲೋ ವಾರಗಳಲ್ಲೋ ಚೇತರಿಸಿಕೊಳ್ಳುತ್ತದೆ. ಹೊರಕವಚ ಉಳಿದು ಒಳಗಿನ ತಂತು ಹಾಳಾದರೆ ಅದು ಮತ್ತೆ ಬೆಳೆಯಬೇಕು, ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಪೆಟ್ಟಾದ ಜಾಗದಿಂದ ಸ್ನಾಯು 30 ಸೆಂಟಿಮೀಟರ್ ದೂರವಿದ್ದರೆ ಹತ್ತು ತಿಂಗಳು ಕಾಯಬೇಕು, ಅಷ್ಟರಲ್ಲಿ ಸ್ನಾಯು ಕರಗತೊಡಗಿರುತ್ತದೆ. ನರ ಪೂರ್ತಿ ಹರಿದರೆ ಆಸೆ ತೀರಾ ಕಡಿಮೆ. ಹತ್ತು ನಿಮಿಷದ ಚಿಕಿತ್ಸೆಗಾಗಿ ಹತ್ತು ತಿಂಗಳ ಊನ ತಂದುಕೊಳ್ಳುವ ಸಾಧ್ಯತೆ ಇರುವುದರಿಂದಲೇ ಈ ಆಯ್ಕೆಯನ್ನು ಅವಸರದಲ್ಲಿ ಮಾಡಬಾರದು.

ತೂಗಿ ನೋಡುವ ಅಳತೆಗೋಲುಗಳು

ಮೊದಲನೆಯದು ಒತ್ತಡ ಬೀಳುವ ಜಾಗ. ಎರಡನೆಯದು ಹೊತ್ತು: ಎರಡು ನಿಮಿಷ ತಾಳುವ ನರ ಎರಡು ಗಂಟೆ ತಾಳುವುದಿಲ್ಲ. ಮೂರನೆಯದು ಬಿಡುಗಡೆ. ಕುದುರೆ ಗಾಬರಿಯಾದರೆ ಆ ಕ್ಷಣವೇ ಸಡಿಲಿಸಬಹುದೇ, ಅಥವಾ ಗಂಟು ಇನ್ನಷ್ಟು ಬಿಗಿಯಾಗುತ್ತದೆಯೇ? ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ನಾಲ್ಕನೆಯದು ಮಾಡಬೇಕಾದ ಕೆಲಸದ ನೋವು. ನೋವಿನ ಕೆಲಸವನ್ನು ಬರೀ ಬಲದಿಂದ ಮಾಡಹೊರಟರೆ ಕೊಸರಾಟ ಖಂಡಿತ, ಕೊಸರಾಟವಿದ್ದಲ್ಲಿ ನರ ಒತ್ತುವುದರ ಜೊತೆಗೆ ಎಳೆಯುತ್ತದೆ ಕೂಡ. ಆಮೇಲೆ ಖರ್ಚು ಮತ್ತು ಜನ: ಮದ್ದು, ಮೆತ್ತೆ, ಪಳಗಿದ ಕೈಗಳು ಸಿಗುತ್ತವೆಯೇ? ಕೊನೆಗೆ, ಇವತ್ತಿನ ಅನುಭವದಿಂದ ಕುದುರೆ ಮುಂದಿನ ಸಲಕ್ಕೆ ಏನು ಕಲಿಯುತ್ತದೆ ಎಂಬುದು. ಹೆದರಿದ ಕುದುರೆಗೆ ಪ್ರತಿಸಲವೂ ಹಿಂದಿಗಿಂತ ಹೆಚ್ಚು ಬಲ ಬೇಕಾಗುತ್ತದೆ.

ಕೈಯಲ್ಲಿ ಹಿಡಿಯುವುದು, ಕಟ್ಟಿಹಾಕುವುದು

ಹಾಲ್ಟರ್ (ತಲೆಗೆ ತೊಡಿಸುವ ಪಟ್ಟಿ) ಹಾಕಿ, ಹಗ್ಗವನ್ನು ತಿಳಿದವರೊಬ್ಬರು ಕೈಯಲ್ಲಿ ಹಿಡಿದು, ವೈದ್ಯರು ನಿಂತ ಮಗ್ಗುಲಲ್ಲೇ ನಿಲ್ಲುವುದು ಎಲ್ಲಕ್ಕಿಂತ ಹಗುರವಾದ ಬಗೆ. ಲಸಿಕೆ, ರಕ್ತ ತೆಗೆಯುವುದು, ಬ್ಯಾಂಡೇಜ್ ಬದಲಿಸುವುದು ಇಷ್ಟರಲ್ಲೇ ಮುಗಿಯುತ್ತದೆ. ಕುದುರೆ ತಲೆ ಎತ್ತಿದರೆ ಹಗ್ಗ ಬಿಡಬಹುದು, ಮತ್ತೆ ಹಿಡಿಯಬಹುದು. ಕತ್ತಿನ ಇಲ್ಲವೇ ಹೆಗಲ ಚರ್ಮವನ್ನು ಮುಷ್ಟಿಯಲ್ಲಿ ಹಿಡಿಯುವುದೂ ಇದೇ ವರ್ಗದ್ದು: ಚುಚ್ಚುಮದ್ದಿಗೆ ಸಾಕು, ನರಕ್ಕೆ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ.

ಅದೇ ಹಗ್ಗವನ್ನು ಕಂಬಕ್ಕೆ ಬಿಗಿದು ಕಟ್ಟಿದ ಕೂಡಲೇ ಲೆಕ್ಕ ಪೂರ್ತಿ ಬದಲಾಗುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಜಾಸ್ತಿ. ನೋವಾದ ಕುದುರೆ ಹಿಂದಕ್ಕೆ ಜಗ್ಗುತ್ತದೆ. ಜಗ್ಗಿದಷ್ಟೂ ಹಾಲ್ಟರ್ ನೆತ್ತಿಯ ಹಿಂದೆ ಮತ್ತು ಕೆನ್ನೆಯ ಮೇಲೆ ಕಚ್ಚುತ್ತದೆ. ಕೆನ್ನೆಯ ಬಕಲ್ ಮುಖನರದ ಮೇಲೆಯೇ ಕೂತಿರುವುದುಂಟು. ಇದಕ್ಕಿಂತ ಭಯಂಕರವಾದದ್ದು, ಹಗ್ಗ ತುಂಡಾಗಿ ಅಥವಾ ಮುಂಗಾಲೆತ್ತಿ ನಿಂತು ಕುದುರೆ ಹಿಮ್ಮುಖವಾಗಿ ಉರುಳುವುದು. ನೆತ್ತಿ ನೆಲಕ್ಕೆ ಬಡಿದರೆ ತಲೆಬುರುಡೆಯ ತಳದ ಮೂಳೆ ಬಿರುಕು ಬಿಡಬಹುದು. ಆ ಹೊಡೆತಕ್ಕೆ ದೃಷ್ಟಿನರ ಜಗ್ಗಿಹೋಗಿ ಕಣ್ಣು ಶಾಶ್ವತವಾಗಿ ಕುರುಡಾಗುವುದುಂಟು. ಒಳಕಿವಿಯ ಸಮತೋಲದ ನರ ಮತ್ತು ಮುಖನರ ಒಂದೇ ಮೂಳೆಯ ಮೂಲಕ ಹಾದುಹೋಗುವುದರಿಂದ ತಲೆ ಒಂದು ಕಡೆಗೆ ವಾಲುವುದು, ಮುಖ ಸೊಟ್ಟಗಾಗುವುದು ಒಟ್ಟಿಗೇ ಕಾಣಿಸಬಹುದು. ಆದ್ದರಿಂದ ಚಿಕಿತ್ಸೆ ನಡೆಯುವಾಗ ತಲೆಯನ್ನು ಎಲ್ಲಿಗೂ ಕಟ್ಟಬೇಡಿ, ಟ್ರೆವಿಸ್ ಒಳಗಿದ್ದರೂ ಕಟ್ಟಬೇಡಿ. ಹಿಡಿಯಲು ಇನ್ನೊಬ್ಬರಿಲ್ಲದಿದ್ದರೆ ಕೆಲಸವನ್ನು ಮುಂದೂಡುವುದೇ ಮೇಲು.

ಬಾಲದ ಮಾತೂ ಅಷ್ಟೇ. ಪಕ್ಕಕ್ಕೆ ಸರಿಸಿ ಕಟ್ಟಬೇಕಾದರೆ ಕುದುರೆಯ ಕತ್ತಿಗೇ ಕಟ್ಟಬೇಕು. ಕಂಬಿಗೆ ಕಟ್ಟಿದ ಬಾಲ, ಕುದುರೆ ಕುಸಿದರೆ ಇಡೀ ಮೈಯ ಭಾರ ಹೊರಬೇಕಾಗುತ್ತದೆ, ಬಾಲದ ಬುಡದ ನರಗಳು ಅದನ್ನು ತಾಳುವುದಿಲ್ಲ.

ಟ್ವಿಚ್

ಮೇಲ್ತುಟಿಯನ್ನು ಹಗ್ಗದ ಕುಣಿಕೆಯಲ್ಲೋ ಚಿಮಟದಂಥ ಹಿಡಿಯಲ್ಲೋ ಸಿಕ್ಕಿಸುವ ಈ ಉಪಾಯ ಅಗ್ಗ, ಕೈಗೆ ಸುಲಭ, ಅದಕ್ಕೇ ಜನಪ್ರಿಯ. ಅದು ಕೆಲಸ ಮಾಡುವುದೂ ನಿಜ. ಟ್ವಿಚ್ ಹಾಕಿದ ಕುದುರೆಯ ರಕ್ತದಲ್ಲಿ ನೋವು ತಣಿಸುವ ಎಂಡಾರ್ಫಿನ್ ಏರುತ್ತದೆ ಎಂದು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧ ತೋರಿಸಿತು. ಆದರೆ ಅದಕ್ಕೆ ಗಡಿಯಾರವಿದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತುಟಿಯ ಟ್ವಿಚ್ ಹಾಕಿದ ಮೊದಲ 5 ನಿಮಿಷ ಹೃದಯ ಬಡಿತ ಇಳಿಯಿತು, ಆಮೇಲೆ ಏರತೊಡಗಿತು. ಅಂದರೆ ಶಮನದ ಕಾಲ ಮುಗಿದು ಒತ್ತಡದ ಕಾಲ ಶುರುವಾಗುತ್ತದೆ. ಐದು ನಿಮಿಷದೊಳಗೆ ಮುಗಿಯುವ ಕೆಲಸಕ್ಕೆ, ನೋವು ಹೆಚ್ಚಿಲ್ಲದ ಕೆಲಸಕ್ಕೆ, ತುಟಿಯ ಟ್ವಿಚ್ ಒಪ್ಪತಕ್ಕದ್ದು. ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂದು ಮೊದಲೇ ಗೊತ್ತಿದ್ದರೆ ಟ್ವಿಚ್ ಆರಿಸಬೇಡಿ. ಮೇಲ್ತುಟಿ ಸ್ಪರ್ಶಜ್ಞಾನ ಅತಿಹೆಚ್ಚಿರುವ ಜಾಗ, ಬಿಗಿ ಕುಣಿಕೆ ಅಲ್ಲಿಯ ರಕ್ತ ಸಂಚಾರವನ್ನೇ ತಡೆಯುತ್ತದೆ. ತೆಗೆದ ಮೇಲೆ ತುಟಿಯನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ. ಕಬ್ಬಿಣದ ಹಿಡಿಯಿದ್ದರೆ ಕುದುರೆ ತಲೆ ಕೊಡವಿದಾಗ ಅದು ಹಾರಿ ಮನುಷ್ಯರಿಗೂ ಬಡಿಯುತ್ತದೆ ಎಂಬುದು ನೆನಪಿರಲಿ.

ಕಿವಿ ತಿರುಚಿ ಹಿಡಿಯುವುದನ್ನು ಈ ಪಟ್ಟಿಯಿಂದ ನಾನು ಹೊರಗೇ ಇಡುತ್ತೇನೆ. ಅದೇ 2017ರ ಅಧ್ಯಯನದಲ್ಲಿ ಕಿವಿ ಹಿಡಿದಾಗ ಬಡಿತ ಇಳಿಯಲೇ ಇಲ್ಲ, ಏರಿತು. ಶಮನ ಎಂಬುದು ಅಲ್ಲಿಲ್ಲ, ಇರುವುದು ನೋವಿನ ಭಯ ಮಾತ್ರ. ಕಿವಿಯ ಮೆದು ಎಲುಬು ಮುರಿದು, ಅದನ್ನು ನಿಲ್ಲಿಸುವ ನರಕ್ಕೆ ಪೆಟ್ಟಾಗಿ ಕಿವಿ ಜೋತುಬೀಳಬಹುದು. ಅಷ್ಟೇ ಅಲ್ಲ, ತಲೆಗೆ ಲಗಾಮು ಹಾಕಲೂ ಆ ಕುದುರೆ ಮುಂದೆ ಬಿಡದಿರಬಹುದು.

ಕಾಲೆತ್ತುವುದು ಮತ್ತು ಕಾಲು ಕಟ್ಟುವುದು

ಒಂದು ಮುಂಗಾಲನ್ನು ಕೈಯಲ್ಲಿ ಎತ್ತಿ ಹಿಡಿದರೆ ಕುದುರೆ ಇನ್ನೊಂದನ್ನು ಸುಲಭವಾಗಿ ಎತ್ತಲಾರದು. ಒಳ್ಳೆಯ ಉಪಾಯ, ಹಿಡಿದವರು ಯಾವಾಗ ಬೇಕಾದರೂ ಬಿಡಬಹುದು. ಕಾಲನ್ನು ಮೈಯ ಕೆಳಗೇ ನೇರವಾಗಿ ಹಿಡಿಯಬೇಕು. ನಮ್ಮ ಅನುಕೂಲಕ್ಕೆ ಹೊರಗೆ ಎಳೆದರೆ ಹೆಗಲ ಒಳಬದಿಯ ನರಜಾಲಕ್ಕೆ ಸೆಳೆತ ಬೀಳುತ್ತದೆ. ಹಗ್ಗದಿಂದ ಮಡಚಿ ಕಟ್ಟಿದರೆ ಈ ‘ಯಾವಾಗ ಬೇಕಾದರೂ’ ಎಂಬುದು ಹೋಗಿಬಿಡುತ್ತದೆ. ಮೂರು ಕಾಲಲ್ಲಿ ನಿಂತ ಕುದುರೆ ಜಿಗಿದಾಡಿ ಬಿದ್ದರೆ, ಬೀಳುವುದು ಕಟ್ಟಿದ ಮಂಡಿಯ ಮೇಲೆ ಅಥವಾ ಹೆಗಲ ಮೇಲೆ. ಹಿಂಗಾಲನ್ನು ಹಗ್ಗದಿಂದ ಮುಂದಕ್ಕೆಳೆದು ಕತ್ತಿಗೆ ಕಟ್ಟುವ ಪದ್ಧತಿಯಲ್ಲಿ ಒದೆತ ತಪ್ಪುತ್ತದೆ, ಆದರೆ ಗೊರಸಿನ ಮೇಲ್ಭಾಗದಲ್ಲಿ ಹಗ್ಗ ಉಜ್ಜಿ ಆಳವಾದ ಗಾಯವಾಗುತ್ತದೆ, ಅಲ್ಲಿ ಪಾದದ ನರಗಳು ಚರ್ಮಕ್ಕೆ ಹತ್ತಿರ ಇವೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅಗಲವಾದ ಮೆತ್ತನೆಯ ಪಟ್ಟಿಯೊಂದಿಗೆ, ಎಳೆದ ಕೂಡಲೇ ಬಿಚ್ಚುವ ಗಂಟಿನೊಂದಿಗೆ.

ಟ್ರೆವಿಸ್

ಹೊಟ್ಟೆನೋವಿಗೆ ಮೂಗಿನಿಂದ ಕೊಳವೆ ಇಳಿಸುವುದು, ಗುದದ ಮೂಲಕ ಕೈಹಾಕಿ ಪರೀಕ್ಷೆ, ಹಲ್ಲಿನ ಕೆಲಸ ಇವಕ್ಕೆಲ್ಲ ಕಂಬಿಗಳ ಚೌಕಟ್ಟು ವೈದ್ಯರಿಗೂ ಕುದುರೆಗೂ ರಕ್ಷಣೆ. ಒಮ್ಮೆ ಕಟ್ಟಿಸಿದರೆ ವರ್ಷಗಟ್ಟಲೆ ಬರುತ್ತದೆ, ಹಲವು ಕುದುರೆಗಳಿರುವ ಲಾಯಕ್ಕೆ ಹೂಡಿದ ಹಣ ದಂಡವಾಗುವುದಿಲ್ಲ. ಅಪಾಯ ಇರುವುದು ಒಳಹೋಗುವಾಗ ಮತ್ತು ಕುಸಿಯುವಾಗ. ಗಾಬರಿಯಲ್ಲಿ ನುಗ್ಗಿದ ಕುದುರೆಯ ಹೆಗಲು ಮುಂದಿನ ಕಂಬಕ್ಕೆ ಜೋರಾಗಿ ಬಡಿದರೆ ಸುಪ್ರಾಸ್ಕಾಪುಲರ್ ನರಕ್ಕೆ ಪೆಟ್ಟು. ಆಗ ನಡೆಯುವಾಗ ಹೆಗಲು ಹೊರಕ್ಕೆ ಹಾರುತ್ತದೆ, ಕೆಲವು ವಾರಗಳಲ್ಲಿ ಸ್ನಾಯು ಕರಗಿ ಹೆಗಲ ಮೂಳೆಯ ಏಣು ಎದ್ದು ಕಾಣುತ್ತದೆ. ಮಂಪರಿನಲ್ಲಿ ಕಾಲು ಸೋತ ಕುದುರೆ ಎದೆಯ ಅಡ್ಡಕಂಬಿಯ ಮೇಲೆ ಜೋತುಬಿದ್ದರೂ ಮುಂಗಾಲಿನ ನರಗಳಿಗೆ ಕಷ್ಟ. ಆದ್ದರಿಂದ ಟ್ರೆವಿಸ್ ನೋಡುವಾಗ ಎರಡೇ ಪ್ರಶ್ನೆ ಕೇಳಿ: ಮೂಲೆಗಳಿಗೆ ಮೆತ್ತೆ ಇದೆಯೇ, ಅಡ್ಡಕಂಬಿಗಳು ಭಾರ ಬಿದ್ದಾಗಲೂ ಒಂದೇ ಎಳೆತಕ್ಕೆ ಬಿಚ್ಚುತ್ತವೆಯೇ? ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಬಯಲಲ್ಲಿ ಮಂಪರು ಕೊಟ್ಟು ನಿಲ್ಲಿಸುವುದೇ ವಾಸಿ.

ನಿಂತಲ್ಲೇ ಮಂಪರು

ನೋವಿನ ಕೆಲಸಕ್ಕೆ, ಹತ್ತು ನಿಮಿಷ ದಾಟುವ ಕೆಲಸಕ್ಕೆ, ಹೆದರುವ ಕುದುರೆಗೆ ನನ್ನ ಮೊದಲ ಆಯ್ಕೆ ಇದೇ. ರಕ್ತನಾಳಕ್ಕೆ ಕೊಟ್ಟ ಜೈಲಜೀನ್ ಎಂಬ ಮಂಪರಿನ ಮದ್ದು ಕೆಲವೇ ನಿಮಿಷಗಳಲ್ಲಿ ಹಿಡಿದು 20ರಿಂದ 40 ನಿಮಿಷ ಇರುತ್ತದೆ. ಡೆಟೊಮಿಡಿನ್ ಒಂದು ಗಂಟೆ ಅಥವಾ ಹೆಚ್ಚು. ಬ್ಯುಟಾರ್ಫನಾಲ್ ಸೇರಿಸಿದರೆ ನೋವು ಇನ್ನಷ್ಟು ತಗ್ಗುತ್ತದೆ. ಗಾಯದ ಜಾಗಕ್ಕೆ ಲಿಗ್ನೊಕೇನ್‌ನಂಥ ಮರಗಟ್ಟಿಸುವ ಮದ್ದು ಕೊಟ್ಟರಂತೂ ಕೊಸರಾಟಕ್ಕೆ ಕಾರಣವೇ ಉಳಿಯುವುದಿಲ್ಲ. ಸೂಜಿಗೇ ಹೆದರುವ ಕುದುರೆಗೆ ಡೆಟೊಮಿಡಿನ್ ಜೆಲ್ ಇದೆ. ನಾಲಿಗೆಯ ಕೆಳಗೆ ಹಾಕಿ ಕನಿಷ್ಠ 40 ನಿಮಿಷ ಸುಮ್ಮನೆ ಬಿಡಬೇಕು. ಅವಸರ ಮಾಡಿದರೆ ಜೆಲ್ ಫಲ ಕೊಡುವುದಿಲ್ಲ.

ಮದ್ದಿನ ಹಣ ಪ್ರತಿಸಲ ಕೊಡಬೇಕು, ವೈದ್ಯರೇ ಕೊಡಬೇಕು. ಟ್ವಿಚ್‌ಗೆ ಹೋಲಿಸಿದರೆ ದುಬಾರಿ ಎನಿಸುವುದು ಸಹಜ. ತಿಂಗಳುಗಟ್ಟಲೆ ಊನವಾಗಿ ನಿಂತ ಕುದುರೆಯ ಮೇವು, ಮದ್ದು, ಆರೈಕೆಗೆ ಹೋಲಿಸಿದರೆ ಅದು ಸಣ್ಣ ಮೊತ್ತ.

ಮಂಪರಿಗೂ ತನ್ನದೇ ಅಪಾಯಗಳಿವೆ. ಸೂಜಿ ಚುಚ್ಚುವ ಕತ್ತಿನ ರಕ್ತನಾಳದ ಪಕ್ಕದಲ್ಲೇ ಮುಖ್ಯ ಧಮನಿ ಮತ್ತು ನರಗಳ ಕಟ್ಟು ಇದೆ. ಕುದುರೆ ಕೊಡವಿ ಮದ್ದು ನಾಳದ ಹೊರಗೆ ಚೆಲ್ಲಿದರೆ ಆ ಮಗ್ಗುಲಲ್ಲಿ ಮುಖ, ಕತ್ತು ಬೆವರುವುದು, ರೆಪ್ಪೆ ಇಳಿಯುವುದು ಕಾಣಬಹುದು. ಗಂಟಲ ನರಕ್ಕೆ ತಾಗಿದರೆ ಉಸಿರಿನಲ್ಲಿ ಗೊರಗೊರ ಸದ್ದು ಉಳಿಯಬಹುದು. ಧಮನಿಗೇ ಹೋದರೆ ಕುದುರೆ ಆ ಕ್ಷಣವೇ ಕುಸಿಯುತ್ತದೆ. ಹೀಗಾಗಿ ಸೂಜಿ ಚುಚ್ಚುವ ಆ ಅರ್ಧ ನಿಮಿಷ ಕುದುರೆ ಅಲ್ಲಾಡದಂತೆ ಹಿಡಿಯುವುದು ಇಡೀ ಚಿಕಿತ್ಸೆಯಲ್ಲೇ ಅತಿಮುಖ್ಯವಾದ ಹಿಡಿತ. ಮಂಪರು ಹತ್ತಿದ ತಲೆ ನೆಲಮಟ್ಟಕ್ಕೆ ಇಳಿಯುತ್ತದೆ. ಹಲ್ಲಿನ ಕೆಲಸಕ್ಕೆಂದು ಆ ಭಾರದ ತಲೆಯನ್ನು ಸಾಧಾರಣ ಹಾಲ್ಟರ್‌ನಿಂದ ಮೇಲಕ್ಕೆ ತೂಗುಹಾಕಿದರೆ ಮುಖದ ನರಗಳ ಮೇಲೆ ಪಟ್ಟಿ ಕೂರುತ್ತದೆ. ಗದ್ದಕ್ಕೆ ಮೆತ್ತೆಯ ಆಸರೆ ಇಡುವುದು ಸರಿ. ಇನ್ನೊಂದು ಮಾತು, ಮಂಪರಿನಲ್ಲಿರುವ ಕುದುರೆ ಒದೆಯುವುದಿಲ್ಲವೆಂದು ನಂಬಬೇಡಿ, ಗುರಿಯಿಟ್ಟೇ ಒದೆಯುತ್ತದೆ. ಗಂಡುಕುದುರೆಗೆ ಅಸಿಪ್ರೊಮಜೀನ್ ಎಂಬ ಮಂಪರಿನ ಮದ್ದು ಕೊಡುವ ಮಾತು ಬಂದರೆ ವೈದ್ಯರೊಂದಿಗೆ ಬಿಚ್ಚಿ ಮಾತಾಡಿ: ಶಿಶ್ನ ಹೊರಬಂದು ಒಳಸೇರದೆ ಉಳಿಯುವ ಅಪಾಯ ಅದಕ್ಕಿದೆ.

ಮಲಗಿಸುವುದು

ನಿಂತು ಮಾಡಲಾಗದ ಶಸ್ತ್ರಚಿಕಿತ್ಸೆಗಳಿವೆ, ಆಗ ಇದು ಬೇಕೇಬೇಕು. ಹಗ್ಗದಿಂದ ಮಾತ್ರ ಕೆಡಹುವ ಹಳೆಯ ಪದ್ಧತಿ ಮತ್ತು ಅರಿವಳಿಕೆ ಕೊಟ್ಟು ಮಲಗಿಸುವುದು, ಇವೆರಡರ ನಡುವೆ ಆರಿಸುವಂಥದ್ದೇನೂ ಇಲ್ಲ. ಎಚ್ಚರವಿರುವ ಕುದುರೆ ಕಾಲು ಕಟ್ಟಿಸಿಕೊಂಡು ಬಿದ್ದು ಒದ್ದಾಡುವಾಗ ನರ ಮಾತ್ರವಲ್ಲ, ಬೆನ್ನುಮೂಳೆ, ತೊಡೆಮೂಳೆಯೇ ಮುರಿಯಬಹುದು. ಜೈಲಜೀನ್ ಕೊಟ್ಟು ಅದರ ಮೇಲೆ ಕೆಟಮೀನ್ ಎಂಬ ಅರಿವಳಿಕೆ ಮದ್ದು ಕೊಟ್ಟರೆ ಬಯಲಿನಲ್ಲೂ 10ರಿಂದ 20 ನಿಮಿಷ ಶಾಂತವಾಗಿ ಮಲಗಿಸಬಹುದು. ಚಿಕ್ಕ ಶಸ್ತ್ರಚಿಕಿತ್ಸೆಗೆ ಅಷ್ಟು ಸಾಕು.

ಆದರೂ ಮಲಗಿದ ಕುದುರೆಯೇ ನರಪೆಟ್ಟಿಗೆ ಅತಿಹೆಚ್ಚು ತೆರೆದುಕೊಂಡದ್ದು. ಅದು ನಿದ್ದೆಯಲ್ಲಿದೆ, ಮಗ್ಗುಲು ಬದಲಿಸಲಾರದು, ತನ್ನದೇ ಭಾರಕ್ಕೆ ತಾನೇ ಸಿಕ್ಕಿದೆ. ಕೆಳಗಿನ ಮುಂಗಾಲು ಎದೆಯ ಭಾರದಡಿ ಸಿಕ್ಕರೆ ರೇಡಿಯಲ್ ನರ ಅಮುಕುತ್ತದೆ. ಎದ್ದಾಗ ಮೊಣಕೈ ಇಳಿಬಿದ್ದು, ಕಾಲು ಮುಂದಿಡಲಾಗದೆ, ಗೊರಸಿನ ತುದಿ ಎಳೆಯುತ್ತ ನಿಲ್ಲುತ್ತದೆ. ಕೆಳಮಗ್ಗುಲಿನ ಹಿಂಗಾಲ ಮಂಡಿಯ ಹೊರಬದಿ ಗಟ್ಟಿನೆಲಕ್ಕೆ ಒತ್ತಿದರೆ ಪೆರೋನಿಯಲ್ ನರ ಸೋತು ಗೊರಸು ಹಿಂದಕ್ಕೆ ಮಡಚಿ ಊರುತ್ತದೆ. ಅಂಗಾತ ಮಲಗಿಸಿ ಹಿಂಗಾಲುಗಳನ್ನು ನೆಟ್ಟಗೆ ಹಿಂದಕ್ಕೆಳೆದು ಕಟ್ಟಿದರೆ ತೊಡೆಯ ಫೆಮೊರಲ್ ನರ ಸೆಳೆಯುತ್ತದೆ. ಎರಡೂ ಕಡೆ ಹೀಗಾದ ಕುದುರೆ ಎದ್ದು ನಿಲ್ಲಲಾರದು, ಕುಕ್ಕರಿಸುತ್ತದೆ, ಬದುಕಿಸುವುದೇ ಕಷ್ಟ.

ಇಷ್ಟೆಲ್ಲ ಭಯಕ್ಕೆ ಪರಿಹಾರ ಮಾತ್ರ ಆಶ್ಚರ್ಯವಾಗುವಷ್ಟು ಸರಳ. ಮಲಗಿದ ಕೂಡಲೇ ಹಾಲ್ಟರ್ ತೆಗೆಯಿರಿ, ಇಲ್ಲವೇ ಅದರ ಬಕಲ್ ಮತ್ತು ಕೆನ್ನೆಯ ನಡುವೆ ದಪ್ಪ ಬಟ್ಟೆ ಇಡಿ. ಮುಖನರ ಸೋತು ಬಾಯಿ ಒಂದು ಕಡೆಗೆ ಎಳೆದುಕೊಳ್ಳುವುದಕ್ಕೆ ಬಹಳ ಸಲ ಕಾರಣ ಈ ಮರೆತ ಹಾಲ್ಟರ್. ಕೆಳಗಿನ ಮುಂಗಾಲನ್ನು ಮುಂದಕ್ಕೆ ಎಳೆದಿಡಿ. ಮೇಲಿನ ಮುಂಗಾಲು, ಹಿಂಗಾಲುಗಳ ಕೆಳಗೆ ದಿಂಬೋ ಹುಲ್ಲಿನ ಕಟ್ಟೋ ಇಟ್ಟು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ. ನೆಲಕ್ಕೆ ದಪ್ಪ ಮೆತ್ತೆ ಬೇಕು, ಬಯಲಾದರೆ ಹುಲ್ಲುಗಾವಲು ಕಾಂಕ್ರೀಟಿಗಿಂತ ಎಷ್ಟೋ ಮೇಲು. ಅಂಗಾತ ಮಲಗಿಸಿದಾಗ ಹಿಂಗಾಲು ಮಡಚಿಕೊಂಡಿರಲಿ. ಆಸ್ಪತ್ರೆಯಲ್ಲಾದರೆ ಇನ್ನೊಂದನ್ನು ಕೇಳಿ: ರಕ್ತದೊತ್ತಡ ಅಳೆಯುತ್ತಾರೆಯೇ? ಸರಾಸರಿ ಒತ್ತಡ ಪಾದರಸದ 70 ಮಿಲಿಮೀಟರ್‌ಗಿಂತ ಕೆಳಗಿಳಿದರೆ ಭಾರದಡಿಯ ಸ್ನಾಯುಗಳಿಗೆ ರಕ್ತ ಹರಿಯದೆ ಅವು ಸಾಯತೊಡಗುತ್ತವೆ, ನರವೂ ಅವುಗಳ ಜೊತೆ ನರಳುತ್ತದೆ.

ಪೂರ್ಣ ಅರಿವಳಿಕೆಯ ಬೆಲೆ ಹಣದ್ದಷ್ಟೇ ಅಲ್ಲ. 2002ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ, ಹೊಟ್ಟೆನೋವಿನ ಶಸ್ತ್ರಚಿಕಿತ್ಸೆಗಳನ್ನು ಬಿಟ್ಟರೂ, ಅರಿವಳಿಕೆ ಪಡೆದ ಕುದುರೆಗಳಲ್ಲಿ ಶೇ 0.9ರಷ್ಟು ಸತ್ತಿದ್ದವು. ನಿಂತಲ್ಲೇ ಮಂಪರಿನಲ್ಲಿ ಮಾಡಬಹುದಾದದ್ದನ್ನು ಮಲಗಿಸಿ ಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪಳಗಿಸುವುದು

ಸೂಜಿ ಮುಟ್ಟಿಸಿ ತಿನಿಸು ಕೊಡುವುದು, ಕಾಲು ಮುಟ್ಟಿ ಬಿಡುವುದು, ಬಾಯಿಗೆ ಖಾಲಿ ಸಿರಿಂಜ್ ಇಡುವುದು, ಹೀಗೆ ದಿನಕ್ಕೆ ಕೆಲವು ನಿಮಿಷ ರೂಢಿ ಮಾಡಿಸಿದರೆ ಮೇಲಿನ ಅರ್ಧ ಸಾಧನಗಳು ಬೇಕಾಗುವುದೇ ಇಲ್ಲ. ಖರ್ಚಿಲ್ಲ, ನರಕ್ಕೆ ಅಪಾಯವಿಲ್ಲ. ತುರ್ತಿಗೆ ಇದು ಒದಗುವುದಿಲ್ಲ ಎಂಬುದೊಂದೇ ಕೊರತೆ. ಇವತ್ತು ಗಾಯ ಹೊಲಿಯಬೇಕಾದವರಿಗೆ ಮಂಪರೇ ಗತಿ. ಗಾಯ ವಾಸಿಯಾದ ಮೇಲೆ ರೂಢಿ ಶುರುಮಾಡಬಹುದು.

ಯಾರಿಗೆ ಯಾವುದು?

ಒಂದೇ ಕುದುರೆ, ಕೈಯಲ್ಲಿ ಹಣ ಕಡಿಮೆ, ಕೆಲಸ ಲಸಿಕೆಯದು: ಕೈಹಿಡಿತ, ಬೇಕಾದರೆ ಎರಡು ನಿಮಿಷ ತುಟಿಯ ಟ್ವಿಚ್. ಅದೇ ಮನೆಯಲ್ಲಿ ಗಾಯ ಹೊಲಿಯಬೇಕಾದರೆ ಉಳಿತಾಯವನ್ನು ಬೇರೆಲ್ಲಾದರೂ ಮಾಡಿ, ಮಂಪರು ಮತ್ತು ಮರಗಟ್ಟಿಸುವ ಮದ್ದಿಗೆ ಹಣ ಕೊಡಿ. ಹತ್ತಾರು ಕುದುರೆಗಳಿರುವವರು ಮೆತ್ತೆ ಹೊದಿಸಿದ ಟ್ರೆವಿಸ್ ಕಟ್ಟಿಸಲಿ, ಹಿಡಿಯುವವರಿಬ್ಬರಿಗೆ ತರಬೇತಿ ಕೊಡಿಸಲಿ. ಎಳೆಯ ಮರಿಗೆ ಇವೊಂದೂ ಬೇಡ; ಒಂದು ತೋಳು ಎದೆಗೆ, ಇನ್ನೊಂದು ಹಿಂಭಾಗಕ್ಕೆ ಬಳಸಿ, ತಾಯಿಯ ಕಣ್ಣೆದುರಿಗೇ ಹಿಡಿಯಬೇಕು. ಮರಿಯ ಬಾಲವನ್ನು ಬೆನ್ನ ಮೇಲೆ ಬಲವಾಗಿ ಎತ್ತಬಾರದು, ಹಾಲ್ಟರ್ ಹಿಡಿದು ಜಗ್ಗಬಾರದು. ಹಿಂದೆ ಒಮ್ಮೆ ಹೊಡೆದಾಡಿ ಗಾಯಗೊಂಡ ಕುದುರೆಯಾದರೆ ಬಲದ ದಾರಿಗಳನ್ನು ಪ್ರಯತ್ನಿಸಿ ನೋಡುವುದೇ ಬೇಡ. ಒಮ್ಮೆ ಉದ್ರೇಕಗೊಂಡ ಮೇಲೆ ಮದ್ದು ಸರಿಯಾಗಿ ಹತ್ತುವುದಿಲ್ಲ, ಆದ್ದರಿಂದ ಶಾಂತವಾಗಿರುವಾಗಲೇ ಸೂಜಿ ಹಾಕಿಸಬೇಕು.

ಯಾವುದನ್ನೇ ಆರಿಸಿದರೂ ಚಿಕಿತ್ಸೆ ಮುಗಿದ ಮೇಲೆ, ಮಂಪರು ಇಳಿದ ನಂತರ, ಕುದುರೆಯನ್ನು ಎದುರಿನಿಂದ ಒಮ್ಮೆ ನೋಡಿ. ಎರಡೂ ಮೂಗಿನ ಹೊಳ್ಳೆಗಳು ಸಮವಾಗಿ ಅರಳುತ್ತಿವೆಯೇ, ತುಟಿ ನೇರವಾಗಿದೆಯೇ? ತುಟಿ ಒಂದು ಕಡೆಗೆ ಎಳೆದಿದ್ದರೆ ಪೆಟ್ಟಾದದ್ದು ಅದರ ಎದುರು ಮಗ್ಗುಲಿಗೆ. ಎರಡೂ ಕಡೆ ಹೊಳ್ಳೆ ಸೊರಗಿದ್ದರೆ ತುರ್ತು, ಏಕೆಂದರೆ ಕುದುರೆ ಬಾಯಿಂದ ಉಸಿರಾಡಲಾರದು. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗದಂತೆ ಮುಲಾಮು ಬೇಕು, ಮೇವನ್ನು ನೆನೆಸಿ ಮೆತ್ತಗೆ ಮಾಡಿ ಕೊಡಬೇಕು. ನಾಲ್ಕು ಹೆಜ್ಜೆ ನಡೆಸಿ: ಗೊರಸು ಎಳೆಯುವುದು, ಮೊಣಕೈ ಇಳಿಬೀಳುವುದು ಕಂಡರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಉರಿಯೂತ ತಗ್ಗಿಸುವ ಮದ್ದು, ತಣ್ಣನೆ ಪಟ್ಟಿ ಮೊದಲ ದಿನವೇ ಶುರುವಾಗಬೇಕು. ತೋಳಿನ ಸ್ನಾಯು ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿದ್ದರೆ ತೊಂದರೆ ಸ್ನಾಯುವಿನದೂ ಇರಬಹುದು. ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಸೋತ ಕಾಲಿಗೆ ಮಂಡಿ ಮಡಚದಂತೆ ದಬ್ಬೆ ಕಟ್ಟಿದರೆ ಕುದುರೆಗೆ ಆಸರೆ ಸಿಗುತ್ತದೆ, ಇಡೀ ಭಾರ ಹೊತ್ತ ಇನ್ನೊಂದು ಕಾಲಿನ ಗೊರಸನ್ನು ದಿನವೂ ಮುಟ್ಟಿ ಬಿಸಿ ಇದೆಯೇ ನೋಡಬೇಕು, ಅಲ್ಲಿ ಗೊರಸಿನೊಳಗಿನ ಉರಿಯೂತ ಶುರುವಾಗುವುದುಂಟು. ನರದ ವಿದ್ಯುತ್ ಪರೀಕ್ಷೆಯನ್ನು ಮರುದಿನವೇ ಮಾಡಿಸಿ ಪ್ರಯೋಜನವಿಲ್ಲ. ಸ್ನಾಯುವಿನಲ್ಲಿ ಬದಲಾವಣೆ ಕಾಣಲು ಒಂದು ವಾರದಿಂದ ಹತ್ತು ದಿನ ಬೇಕು, ಅಲ್ಲಿಯವರೆಗೆ ಕುದುರೆಯನ್ನು ಮೆತ್ತನೆಯ ಹಾಸಿನ ಲಾಯದಲ್ಲಿ ಇಟ್ಟು ನೋಡಿಕೊಳ್ಳಿ.